ತಿಮ್ಮಕ್ಕನ ಬೂಟಿನ ಅಳತೆ

ಕಾಸರಕೋಡಿನ ತಿಮ್ಮಿ ಮೋಟಾರ್ ಸೈಕಲ್ ಕಲಿತದ್ದು ಸಿಟ್ಟಿನಿಂದ.

೧೯೭೮ರ ಚಳಿಗಾಲದ ಒಂದು ಬೆಳಿಗ್ಗೆ, ಹೊನ್ನಾವರದಿಂದ ಗೇರುಸೊಪ್ಪಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ವಾಸನೆಯ ನೆವ ಹೇಳಿ ಅವಳ ಮೀನುಬುಟ್ಟಿಯನ್ನು ನಡುದಾರಿಯಲ್ಲಿ ಇಳಿಸಿದ. ಬುಟ್ಟಿಯೊಂದಿಗೆ ಅವಳೂ ಇಳಿದಳು. ಅಲ್ಲಿಂದ ಏಳೆಂಟು ಮೈಲಿ ಹೊತ್ತು ನಡೆದು ಕಲ್ಕೊಪ್ಪ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಬಂಗಡೆ ಮೆತ್ತಗಾಗಿ ಹೋಗಿತ್ತು, ಯಾರೂ ಕೊಳ್ಳಲಿಲ್ಲ. ನಾನು ಆಗ ಕಲ್ಕೊಪ್ಪದ ಒಂದೇ ಕೋಣೆಯ ಶಾಲೆಗೆ ಮಾಸ್ತರನಾಗಿದ್ದೆ. ಊರು ಕುಮಟೆ. ವಾರಕ್ಕೆ ಮೂರು ದಿನ ನನ್ನ ಅನ್ನಕ್ಕೆ ಮೀನು ಒದಗಿಸುತ್ತಿದ್ದವಳು ತಿಮ್ಮಕ್ಕನೇ. ಬುಟ್ಟಿಯಲ್ಲಿದ್ದದ್ದನ್ನೆಲ್ಲ ಒಂದು ತೆಂಗಿನ ಬುಡಕ್ಕೆ ಸುರಿದು ಅವಳು ಶಾಲೆಯ ಜಗಲಿಗೆ ಬಂದು ನೀರು ಕೇಳಿದಳು. ಎರಡು ಚೆಂಬು ಕುಡಿದಳು.

"ಇನ್ನು ಬಸ್ಸಿಗೆ ಬರೂದಿಲ್ಲ ಮಾಸ್ತರೇ," ಎಂದಳು.

"ಮತ್ತೆ ಹೇಗೆ ಬರ್ತೀ?"

"ನಂದೇ ಗಾಡಿಲಿ ಬತ್ತೆ."

ನಾನು ಅದನ್ನು ದಣಿವಿನ ಮಾತು ಎಂದುಕೊಂಡೆ.

ಅವಳಿಗೆ ಆಗ ಮೂವತ್ತು ಇರಬಹುದು. ಹುಟ್ಟಿದ್ದು ಭಟ್ಕಳದ ತೆಂಗಿನಗುಂಡಿಯಲ್ಲಿ. ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿಗೆ ಮದುವೆಯಾಗಿ ಬಂದಿದ್ದಳು. ಗಂಡ ರತ್ನಾಗಿರಿ ಕಡೆಯ ಬೋಟಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತವರಿನವರು ಕರೆದರೂ ಹೋಗದೆ ಅವಳು ಅತ್ತೆ ದುರ್ಗಮ್ಮನ ಜೊತೆಯೇ ಉಳಿದಳು. ಮಗನ ಹೆಸರು ಎತ್ತಿದವರಿಗೆ ದುರ್ಗಮ್ಮ, "ನನ್ನ ಮನೇಲಿ ಇರೂದು ತಿಮ್ಮಿ ಒಬ್ಬಳೇ," ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ತಿಮ್ಮಕ್ಕನ ತಮ್ಮ ಗಣಪ ತೆಂಗಿನಗುಂಡಿಯಲ್ಲಿ ಮೀನು ವ್ಯಾಪಾರಕ್ಕೆಂದು ಹಳೆಯ ರಾಜದೂತ್ ಒಂದನ್ನು ಇಟ್ಟುಕೊಂಡಿದ್ದ. ಲಾರಿಯಲ್ಲಿ ಮಂಜುಗಡ್ಡೆ ಸಾಗಿಸುವ ಕೆಲಸ ಸಿಕ್ಕಮೇಲೆ ಅದು ತೆಂಗಿನ ಮಡಲಿನ ಮಾಡಿನ ಕೆಳಗೆ ಕೋಳಿ ಕೂರುವ ಜಾಗವಾಗಿತ್ತು. ಬಸ್ಸಿನಿಂದ ಇಳಿಸಿದ ವಾರದೊಳಗೆ ತಿಮ್ಮಕ್ಕ ಅದನ್ನು ಕಾಸರಕೋಡಿಗೆ ತರಿಸಿಕೊಂಡಳು. ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ಮರಳಿನ ಮೇಲೆ ಕಲಿತಳು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರಂತೆ. ದುರ್ಗಮ್ಮ ಒಂದು ಮಗುಚಿದ ಪಾತಿ ದೋಣಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, "ಬಿದ್ರೆ ಎತ್ತೂಕೆ ನಾ ಇದ್ದೆ," ಎನ್ನುತ್ತಿದ್ದಳು. ಲೈಸೆನ್ಸ್ ಪರೀಕ್ಷೆಯ ದಿನ ಸಾಹೇಬರು, "ಗಾಡಿ ಓಡಿಸುವವರು ಎಲ್ಲಿ?" ಎಂದು ಕೇಳಿದರು. ತಿಮ್ಮಕ್ಕ ಕಿಕ್ ಹೊಡೆದು ಎಂಟಿನ ಆಕಾರದಲ್ಲಿ ಎರಡು ಸುತ್ತು ಬಂದು ಅವರ ಮೇಜಿನ ಮುಂದೆಯೇ ನಿಲ್ಲಿಸಿದಳು.

ಗೇರುಸೊಪ್ಪದವರೆಗೆ ಡಾಂಬರು. ಅಲ್ಲಿಂದ ಕಲ್ಕೊಪ್ಪಕ್ಕೆ ನಾಲ್ಕು ಮೈಲಿ ಇದ್ದದ್ದು ದಾರಿ ಎನ್ನುವುದಕ್ಕಿಂತ ನೀರು ಕೊರೆದ ಕೊರಕಲು. ಚಿರೆಕಲ್ಲಿನ ಹರಳು, ಮರದ ಬೇರು, ಎರಡು ಹಳ್ಳ. ಗಾಡಿಯ ಎರಡೂ ಬದಿಗೆ ತಗಡಿನ ಡಬ್ಬಿ ಕಟ್ಟಿಸಿ, ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅವಳು ಮೂರು ವರ್ಷ ಆ ದಾರಿಯನ್ನು ಓಡಿಸಿದಳು. ಒಂಬತ್ತು ಗಂಟೆಯೊಳಗೆ ಮೀನು ಬರುತ್ತಿತ್ತು. ಬಸ್ಸಿನಲ್ಲಿ ಬರುವ ಮೀನನ್ನು ಕಾಯುತ್ತಿದ್ದ ಬೇರೆ ಊರಿನವರೂ ಅವಳನ್ನೇ ಕಾಯತೊಡಗಿದರು.

೧೯೮೧ರ ನವೆಂಬರಿನಲ್ಲಿ ಎರಡನೆಯ ಹಳ್ಳ ದಾಟುವಾಗ ಮುಂದಿನ ಗಾಲಿ ಪಾಚಿಗಲ್ಲಿನ ಮೇಲೆ ಜಾರಿತು. ಗಾಡಿ ಬಲಕ್ಕೆ ಬಿತ್ತು. ಬ್ರೇಕಿನ ಪೆಡಲಿಗೂ ಬಂಡೆಗೂ ನಡುವೆ ಅವಳ ಬಲಗಾಲಿನ ಹರಡು, ಪಾದದ ಮೇಲಿನ ಗಂಟು, ಸಿಕ್ಕಿಕೊಂಡಿತು. ಕಟ್ಟಿಗೆಗೆ ಹೋಗಿದ್ದ ಇಬ್ಬರು ಹೆಂಗಸರು ಬಂದು ಗಾಡಿ ಎತ್ತುವ ತನಕ ಅವಳು ಹಾಗೇ ನೀರಿನಲ್ಲಿ ಮಲಗಿದ್ದಳು. ಮಂಚಕ್ಕೆ ಬಿದಿರು ಕಟ್ಟಿ ಗೇರುಸೊಪ್ಪದವರೆಗೆ ಹೊತ್ತವರಲ್ಲಿ ನಾನೂ ಒಬ್ಬ. ದಾರಿಯುದ್ದಕ್ಕೂ ಅವಳು ನರಳಲಿಲ್ಲ. ಡಬ್ಬಿಯಲ್ಲಿದ್ದ ಶೆಟ್ಲಿ ಮೀನನ್ನು ಆ ಕಟ್ಟಿಗೆಯ ಹೆಂಗಸರಿಗೆ ಕೊಡಬೇಕೆಂದು ಮಾತ್ರ ಮತ್ತೆ ಮತ್ತೆ ಹೇಳಿದಳು.

ಎರಡು ತಿಂಗಳು ಪ್ಲಾಸ್ಟರು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ದೇವರು ಎಚ್ಚರಿಕೆ ಕೊಟ್ಟ, ಸಾಕು, ಗಾಡಿ ಮಾರು. ಗಣಪನಂತೂ ಭಟ್ಕಳದಿಂದ ಗಿರಾಕಿಯನ್ನೇ ಕರೆತಂದ. ನಾನು ಆ ದಿನ ಅಲ್ಲಿದ್ದೆ. ಒಳಮನಸ್ಸಿನಲ್ಲಿ ನನಗೂ ಮಾರಿದರೆ ಒಳ್ಳೆಯದು ಅನ್ನಿಸಿತ್ತು.

ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದ ತಿಮ್ಮಕ್ಕ ಗಿರಾಕಿಗೆ, "ಗಾಡಿ ಮಾರೂಕಿಲ್ಲ. ಚಾ ಕುಡ್ಕಂಡು ಹೋಗಿ," ಎಂದಳು.

"ಅಕ್ಕ, ಕಾಲು ಹೋಗಿದ್ದು ಸಾಕಾಗ್ಲಿಲ್ವಾ?" ಎಂದ ಗಣಪ.

"ಕಾಲು ಎಂತಕೆ ಮುರೀತು ಹೇಳು. ಗಾಡಿ ಬಿದ್ದದ್ದಕ್ಕೆ ಅಲ್ಲ. ಗಾಡಿ ಮುಂದೂ ಬೀಳ್ತದೆ, ಆ ದಾರಿನೇ ಹಂಗದೆ. ಕಾಲಲ್ಲಿ ಹವಾಯಿ ಚಪ್ಲಿ ಇತ್ತು, ಅದಕ್ಕೆ ಮುರೀತು. ನಂಗೆ ಬೂಟು ಬೇಕು."

"ಬೂಟಾ?"

"ಹೌದು. ಮೊಣಕಾಲ ಕೆಳಗಿನವರೆಗೆ ಬರೂದು."

ಗಿರಾಕಿ ಚಹಾ ಮುಗಿಸದೆ ಎದ್ದ.

ಪ್ಲಾಸ್ಟರು ಬಿಚ್ಚಿದ ಮೇಲೆ ಅವಳು ಬೂಟು ಹುಡುಕಲು ಶುರುಮಾಡಿದಳು. ಮೊದಲು ಬೋಟಿನವರು ಹಾಕುವ ರಬ್ಬರ್ ಗಂಬೂಟು. ಅದನ್ನು ಹಾಕಿಕೊಂಡು ಗಾಡಿಯನ್ನು ನಿಂತಲ್ಲೇ ಬಲಕ್ಕೆ ವಾಲಿಸಿ, ಕಾಲಿನ ಮೇಲೆ ಸ್ವಲ್ಪ ಭಾರ ಬಿಟ್ಟು ನೋಡಿದಳು. ರಬ್ಬರು ಹರಡಿನ ಹತ್ತಿರ ಮಡಚಿತು, ನೋವು ನೇರ ಎಲುಬಿಗೇ ಬಂತು. ಅದು ನೀರಿಗೆ ಮಾತ್ರ, ಕಲ್ಲಿಗಲ್ಲ ಎಂದು ಬದಿಗಿಟ್ಟಳು. ಆಮೇಲೆ ಕುಮಟೆಯ ಸಂತೆಯಲ್ಲಿ ನಾನೇ ನೋಡಿಟ್ಟಿದ್ದ ಹಳೆಯ ಮಿಲಿಟರಿ ಬೂಟು. ಗಟ್ಟಿಯಾಗಿತ್ತು, ಆದರೆ ಇದ್ದದ್ದರಲ್ಲಿ ಚಿಕ್ಕದೂ ಅವಳ ಪಾದಕ್ಕಿಂತ ಎರಡು ಬೆರಳು ಉದ್ದ. ಗೇರ್ ಎತ್ತಲು ಎಡಗಾಲ ತುದಿಯನ್ನು ಕಡ್ಡಿಯ ಕೆಳಗೆ ತೂರಿಸಬೇಕು. ಬೂಟಿನ ಮೂಗು ಒಳಗೆ ಹೋಗಲೇ ಇಲ್ಲ.

ಮೂರನೆಯದು ಭಟ್ಕಳದ್ದು. ಆ ವರ್ಷಗಳಲ್ಲಿ ಭಟ್ಕಳದ ಪೇಟೆಯಲ್ಲಿ ದುಬೈ ಸಾಮಾನು ಬರದೆ ಇರುವ ವಾರವಿರಲಿಲ್ಲ. ಸೆಂಟು, ಟೇಪ್ ರೆಕಾರ್ಡರ್, ಕಂಬಳಿಗಳ ನಡುವೆ ಒಂದು ಅಂಗಡಿಯಲ್ಲಿ ಮೋಟಾರ್ ಸೈಕಲ್ ಓಟಗಾರರ ಬೂಟು ಬಂದಿದೆಯೆಂದು ಗಣಪನೇ ಸುದ್ದಿ ತಂದ. ಅಕ್ಕ ಮಾರುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಅವನೂ ಹುಡುಕಾಟಕ್ಕೆ ಸೇರಿದ್ದ. ಒಂದು ಭಾನುವಾರ ಮೂವರೂ ಹೋದೆವು. ಬೆಳಿಗ್ಗೆ ಹೋಗೋಣ ಎಂದರೆ ತಿಮ್ಮಕ್ಕ ಒಪ್ಪಲಿಲ್ಲ. "ಬೆಳಿಗ್ಗೆ ಕಾಲು ಸಣ್ಣದಿರ್ತದೆ. ದುಡಿದು ಬಾತ ಮೇಲೆ ನೋಡ್ಬೇಕು," ಎಂದಳು.

ಅಂಗಡಿಯ ಸಾಹೇಬರು ಗೌರವಸ್ಥರು. ಬೆಂಚು ಒರೆಸಿ ಕೂರಿಸಿ, ಡಬ್ಬದಿಂದ ಬೂಟು ತೆಗೆದಿಟ್ಟರು. ಅಂಥದ್ದನ್ನು ನಾವು ಯಾರೂ ಕಂಡಿರಲಿಲ್ಲ. ಕಪ್ಪು ಚರ್ಮ, ಮುಂಗಾಲಿಗೆ ಗಟ್ಟಿ ಹಲಗೆಯಂಥ ರಕ್ಷೆ, ಹರಡಿನ ಎರಡೂ ಬದಿಗೆ ಬಟ್ಟಲಿನಂಥ ಉಬ್ಬು, ಬದಿಯಲ್ಲಿ ಐದು ಉಕ್ಕಿನ ಕೊಂಡಿ. ತಿಮ್ಮಕ್ಕ ಅದರ ಮೇಲೆ ಕೈಯಾಡಿಸಿದಳು. ಅವಳಿಗೆ ಅದು ಇಷ್ಟವಾದದ್ದು ಮುಖದಲ್ಲೇ ಕಾಣುತ್ತಿತ್ತು. ದಪ್ಪ ಕಾಲುಚೀಲ ಹಾಕಿ, ಎಲ್ಲ ಕೊಂಡಿ ಬಿಗಿದು ಎದ್ದು ನಿಂತಳು. ಅಂಗಡಿಯ ಉದ್ದಕ್ಕೆ ನಡೆದಳು, ಕುಕ್ಕರಗಾಲಲ್ಲಿ ಕೂತಳು, ಹೊರಗಿನ ಮೆಟ್ಟಿಲು ಹತ್ತಿ ಇಳಿದಳು. ಪೇಟೆಯ ಜನ ನಿಂತು ನೋಡಿದರು. ಮೂರನೆಯ ಸಲ ಇಳಿದವಳು ಅಲ್ಲೇ ಕೂತು ಕೊಂಡಿ ಬಿಚ್ಚತೊಡಗಿದಳು.

"ಏನಾಯಿತಮ್ಮ? ಇಂಥದ್ದು ಬೊಂಬಾಯಿಯಲ್ಲೂ ಸಿಗುವುದಿಲ್ಲ," ಎಂದರು ಸಾಹೇಬರು.

"ಬೂಟು ಚಂದ ಅದೆ ಸಾಹೇಬ್ರೇ. ಒಳಗೆ ನನ್ನ ಹಿಮ್ಮಡಿ ಏಳ್ತದೆ. ಇಳಿಯುವಾಗ ಬೆರಳು ಮುಂದೆ ಹೋಗಿ ಬಡೀತದೆ. ಈ ಉಬ್ಬು ನನ್ನ ಹರಡಿನ ಮೇಲೆ ಕೂರೂದಿಲ್ಲ, ಅದಕ್ಕಿಂತ ಒಂದು ಬೆರಳು ಮೇಲೆ ಅದೆ."

"ಅಕ್ಕ, ಎರಡು ಚೀಲ ಹಾಕು. ಬೂಟಿನ ಮೂಗಿಗೆ ಬಟ್ಟೆ ತುರುಕು," ಎಂದ ಗಣಪ. ಸಾಹೇಬರು ಅರ್ಧ ಬೆಲೆಗೆ ಇಳಿದರು. ಕೊನೆಗೆ, ಹೆಂಗಸರ ಕಾಲಿಗೆಂದು ಇದನ್ನು ಜಗತ್ತಿನಲ್ಲಿ ಯಾರೂ ಮಾಡುವುದಿಲ್ಲ, ಸಿಕ್ಕಿದ್ದನ್ನು ಹೊಂದಿಸಿಕೊಳ್ಳಬೇಕು ಎಂದರು.

"ಹೊಂದ್ಸೂಕೆ ನಾ ಬಂದಿಲ್ಲ," ಎಂದಳು ತಿಮ್ಮಕ್ಕ. "ಗಾಡಿ ಬಿದ್ದಾಗ ಬೂಟು ಒಂದ್ಕಡೆ, ಕಾಲು ಒಂದ್ಕಡೆ ತಿರುಗಿದ್ರೆ ನಂಗೆ ಎರಡನೇ ಸಲ ಮುರೀತದೆ. ಯಾರೂ ಮಾಡೂದಿಲ್ಲ ಅಂದ್ರೆ ಮಾಡಿಸ್ತೆ."

ಗಣಪ ಮುನಿಸಿಕೊಂಡು ತೆಂಗಿನಗುಂಡಿಯ ದಾರಿ ಹಿಡಿದ.

ಕುಮಟೆಯಲ್ಲಿ ನಮ್ಮ ಮನೆಯ ಹತ್ತಿರ ತ್ರ್ಯಂಬಕ ಎಂಬ ಮುದುಕನೊಬ್ಬ ಚಪ್ಪಲಿ ಹೊಲಿಯುತ್ತಿದ್ದ. ಬೆಳಗಾವಿಯ ಕಡೆಯವನು. ಅಲ್ಲಿ ಹರೆಯದಲ್ಲಿ ಕುದುರೆ ಸವಾರರಿಗೆ ಉದ್ದ ಬೂಟು ಮಾಡಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ನಾವು ಅದನ್ನು ಜಂಬವೆಂದು ಬಿಟ್ಟಿದ್ದೆವು. ನಾನು ತಿಮ್ಮಕ್ಕನನ್ನು ಅವನಲ್ಲಿಗೆ ಕರೆದೊಯ್ದೆ. ಅವನು ನನ್ನ ಕಾಲನ್ನೇ ನೋಡುತ್ತ, "ಮಾಸ್ತರ, ನಿಮಗ್ಯಾಕ್ರಿ ಉದ್ದ ಬೂಟು?" ಎಂದ. ವಿಷಯ ತಿಳಿದಾಗ ತಲೆ ಅಲ್ಲಾಡಿಸಿದ.

"ಹೆಣ್ಣುಮಕ್ಕಳ ಕಾಲಿನ ಅಳತಿ ನಾ ತಗೊಳ್ಳಂಗಿಲ್ಲ ಬಾಯಿ. ಜನ ಏನಂತಾರ?"

ತಿಮ್ಮಕ್ಕ ಅವನ ಎದುರಿಗಿದ್ದ ರದ್ದಿ ಕಾಗದವನ್ನು ಎಳೆದು ನೆಲಕ್ಕೆ ಹಾಸಿದಳು. ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೈಚಾಚಿ ತೆಗೆದುಕೊಂಡು, ಕಾಗದದ ಮೇಲೆ ನಿಂತು, ಬಗ್ಗಿ, ತನ್ನ ಎರಡೂ ಪಾದದ ಸುತ್ತ ತಾನೇ ಗೀಟು ಎಳೆದಳು. ಆಮೇಲೆ ನೂಲಿನಿಂದ ಹರಡು, ಮೀನಖಂಡ, ಮೊಣಕಾಲ ಕೆಳಗಿನ ಸುತ್ತಳತೆ ತೆಗೆದು ಒಂದೊಂದಕ್ಕೂ ಗಂಟು ಹಾಕಿ ಅವನ ಮುಂದಿಟ್ಟಳು.

"ಅಳತೆ ನಾ ತೆಗ್ದೆ. ಬೂಟು ನೀವು ಮಾಡಿ."

ತ್ರ್ಯಂಬಕ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಚಪ್ಪಲಿಯಿಲ್ಲದೆ ಬೆಳೆದ ಕಾಲು. ಬೆರಳ ಕಡೆ ಅಗಲ, ಹಿಮ್ಮಡಿ ಕಿರಿದು. ಮುರಿದು ಕೂಡಿದ ಬಲ ಹರಡು ಎಡದ್ದಕ್ಕಿಂತ ಅರ್ಧ ಬೆರಳು ದಪ್ಪ. "ಇದಕ್ಕ ಅಂಗಡ್ಯಾಗಿನ ಬೂಟು ಯಾವುದೂ ಆಗಂಗಿಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಗಲೇ ಕೆಲಸ ಅವನ ಕೈಗೆ ಹತ್ತಿತ್ತೆಂದು ನನಗೆ ತಿಳಿಯಿತು.

ಬೇಸಿಗೆಯಿಡೀ ಅದು ನಡೆಯಿತು. ಅವನು ಮರದ ಅಚ್ಚಿಗೆ ಚರ್ಮದ ಚೂರು ಅಂಟಿಸಿ ಬಲಕ್ಕೆ ಬೇರೆ, ಎಡಕ್ಕೆ ಬೇರೆ ಅಚ್ಚು ಮಾಡಿದ. ಎಮ್ಮೆಯ ದಪ್ಪ ಚರ್ಮ, ಮುಂಗಾಲಿಗೆ ಎರಡು ಪದರ, ನಡುವೆ ತೆಳ್ಳಗೆ ಬಡಿದ ಅಲ್ಯೂಮಿನಿಯಂ ಪಟ್ಟಿ. ಹರಡಿನ ಮೇಲೆ ನೆನೆಸಿ ತಟ್ಟಿ ಒಣಗಿಸಿದ ಚರ್ಮದ ಬಟ್ಟಲು. ಅಟ್ಟೆಗೆ ಜೀಪಿನ ಟೈರು. ಮೊದಲ ಸಲ ಹಾಕಿ ನೋಡಿದ ತಿಮ್ಮಕ್ಕ ಕುಮಟೆಯಿಂದ ಮೂರೂರು ಕಡೆಯ ಮಣ್ಣುದಾರಿಗೆ ಹೋಗಿ ಗಂಟೆ ಬಿಟ್ಟು ಬಂದಳು. ಎಡ ಬೂಟಿನ ಮೂಗು ದಪ್ಪ, ಗೇರ್ ಎತ್ತಲು ಆಗುತ್ತಿಲ್ಲ. ಅವನು ಬಿಚ್ಚಿ ತೆಳು ಮಾಡಿದ. ಎರಡನೆಯ ಸಲ ಹಳ್ಳಕ್ಕಿಳಿದು ಬಂದಳು. ನೀರು ಒಳಗೆ ನಿಂತು ಕಾಲು ಕಲ್ಲಿನಷ್ಟು ಭಾರ. ಕುಕ್ಕರಗಾಲಲ್ಲಿ ಕೂತರೆ ಮೇಲಂಚು ಮೊಣಕಾಲ ಹಿಂದೆ ಒತ್ತುತ್ತದೆ. ಅವನು ಅಟ್ಟೆಯ ಮೇಲೆ ಎರಡೆರಡು ತೂತು ಕೊರೆದ, ಹಿಂದಿನ ಅಂಚನ್ನು ಇಳಿಸಿದ. ದಾರ ಬೇಡ, ಪೆಡಲಿಗೆ ಸಿಗುತ್ತದೆ ಎಂದು ಅವಳು ಹೇಳಿದ್ದರಿಂದ ಹೊರಬದಿಗೆ ಐದೈದು ಪಟ್ಟಿ ಬಕ್ಕಲು ಹಾಕಿದ. ಮೂರನೆಯ ಸಲವೂ ಅವಳು ಬಲ ಹಿಮ್ಮಡಿಯ ಹತ್ತಿರ ಸಡಿಲ ಎಂದಾಗ ಮುದುಕನಿಗೆ ರೇಗಿತು. ಚರ್ಮ ಕೊಯ್ಯುವ ರಂಪಿಗೆಯನ್ನು ಕೆಳಗೆ ಹಾಕಿದ.

"ಬಾಯಿ, ಕುದರಿ ಸವಾರರೂ ನನಗ ಇಷ್ಟು ಕಾಡಿಲ್ಲ. ಒಂದು ನೂಲಿನಷ್ಟು ಸಡಿಲ ಅದ."

"ಆ ನೂಲು ನನ್ನ ಎಲುಬಿನ ಲೆಕ್ಕದ್ದು ತ್ರ್ಯಂಬಕಣ್ಣ. ಆಗೂದಿಲ್ಲ ಅಂದ್ರೆ ಹೇಳಿ, ನಾ ಇಲ್ಲೇ ಕೂತ್ಕಂತೆ. ಆಗ್ತದೆ ಅನ್ನೂ ತನಕ ಏಳೂದಿಲ್ಲ."

ನಿಜವಾಗಿ ಕೂತಳು. ಊಟದ ಹೊತ್ತು ಕಳೆಯಿತು. ತ್ರ್ಯಂಬಕ ಮರಾಠಿಯಲ್ಲಿ ಏನೋ ಗೊಣಗುತ್ತ ಹೊಲಿಗೆ ಬಿಚ್ಚಿದ. ಸಂಜೆ ಅವಳು ಹಾಕಿಕೊಂಡು ನಿಂತಾಗ, ಅಳತೆ ತೆಗೆಯಲು ಒಪ್ಪದವನು ಈಗ ನೆಲಕ್ಕೆ ಕೂತು ಎರಡೂ ಕೈಯಿಂದ ಅವಳ ಹಿಮ್ಮಡಿ ಹಿಡಿದು, "ಕಾಲು ಎತ್ರಿ," ಎಂದ. ಬೂಟು ಬಿಟ್ಟು ಕಾಲು ಕದಲಲಿಲ್ಲ. "ಆತು," ಎಂದಳು ತಿಮ್ಮಕ್ಕ.

ಕಾಸರಕೋಡಿನಲ್ಲಿ ಅವಳು ಬೂಟು ಮೆಟ್ಟಿ ಓಡಾಡಿದ ಮೊದಲ ವಾರ ನಗೆ ಇತ್ತು. ಎರಡನೆಯ ವಾರ ನಗೆ ನಿಂತು ಕೇರಿಯ ಯಜಮಾನ ಹಮ್ಮಣ್ಣನಿಂದ ಕರೆ ಬಂತು. ಬಲೆ ಹೆಣೆಯುವ ಚಪ್ಪರದಲ್ಲಿ ಇಪ್ಪತ್ತು ಮೂವತ್ತು ಗಂಡಸರು ಸೇರಿದ್ದರು. ಮೆಟ್ಟಿಲಿನ ಬಳಿ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ ಅವಳು ನಿಂತಳು. ದುರ್ಗಮ್ಮ ಕಂಬಕ್ಕೊರಗಿ ಕೂತಿದ್ದಳು. ನಡೆದದ್ದನ್ನು ನನಗೆ ಹೇಳಿದವಳು ಅವಳೇ.

"ನೀ ಗಾಡಿ ಓಡ್ಸಿದೆ, ನಾವು ಸುಮ್ಮನಿದ್ವಿ," ಎಂದ ಹಮ್ಮಣ್ಣ. "ಈಗ ಗಂಡಸ್ರ ಬೂಟು ಹಾಕ್ಕಂಡು, ಮೊಣಕಾಲವರೆಗೆ ಚರ್ಮ ಸುತ್ಕಂಡು ಕೇರಿಲಿ ಓಡಾಡ್ತೆ. ಹೊರಗಿನವ್ರು ನಮ್ಮನ್ನ ಎಂತ ಹೇಳ್ಬೇಕು? ಅದನ್ನ ಬಿಡು, ತಪ್ಪಾಯ್ತು ಅನ್ನು, ಮುಗೀತು."

"ಗಂಡಸ್ರ ಬೂಟು ನಂಗೆ ಆಗೂದಿಲ್ಲ ಹಮ್ಮಣ್ಣ. ಹೊನ್ನಾವರ, ಕುಮಟೆ, ಭಟ್ಕಳ ಎಲ್ಲ ಕಡೆ ಹಾಕಿ ನೋಡ್ದೆ. ಇದು ನಂದು. ಇದನ್ನ ನೀವು ಹಾಕೂಕೆ ಹೋದ್ರೆ ನಿಮಗೂ ಆಗೂದಿಲ್ಲ." ಯಾರೋ ನಕ್ಕರು. ಅವಳು ನಗಲಿಲ್ಲ. "ಕಾಲು ಮುರಿದು ಎರಡು ತಿಂಗಳು ಮಲಗಿದ್ದೆ. ಗಾಡಿ ಮಾರು ಅಂತ ಹೇಳೂಕೆ ಎಲ್ರೂ ಬಂದ್ರಿ. ಕಾಲು ಹೆಂಗೆ ಉಳಿಸ್ಕಂತೆ ಅಂತ ಒಬ್ರೂ ಕೇಳ್ಲಿಲ್ಲ. ತಪ್ಪು ಎಂತದು ಅಂತ ನಂಗೆ ಗೊತ್ತಿಲ್ಲ, ಅದಕ್ಕೆ ತಪ್ಪಾಯ್ತು ಅನ್ನೂದಿಲ್ಲ."

ಇಷ್ಟು ಹೇಳಿ ಹೊರಗೆ ಬಂದು ಚಪ್ಪರದ ಮೆಟ್ಟಿಲಿನ ಮೇಲೆ ಕೂತು ಬೂಟು ಹಾಕತೊಡಗಿದಳು. ಇಳಿಯಲು ಅದೊಂದೇ ಮೆಟ್ಟಿಲು. ಒಂದು ಬೂಟಿಗೆ ಐದು ಪಟ್ಟಿ, ಎರಡಕ್ಕೆ ಹತ್ತು. ಪ್ರತಿಯೊಂದನ್ನೂ ಎಳೆದು, ಬಿಗಿದು, ಬೆರಳಿಂದ ಒತ್ತಿ ನೋಡಿ ಮುಂದಿನದಕ್ಕೆ ಹೋದಳು. ಹಮ್ಮಣ್ಣನೂ ಅವನ ಹಿಂದಿನವರೂ ನಿಂತೇ ಇದ್ದರು. "ಅಷ್ಟು ನಿಧಾನ ಅವಳು ಯಾವತ್ತೂ ಹಾಕಿದ್ದಿಲ್ಲ," ಎಂದು ದುರ್ಗಮ್ಮ ನನಗೆ ಹೇಳಿದಳು.

ಅದರ ಬೆಲೆ ಅವಳು ತೆರಬೇಕಾಯಿತು. ಮಾರನೆಯ ದಿನದಿಂದ ಕಾಸರಕೋಡಿನ ದಂಡೆಯಲ್ಲಿ ಯಾವ ದೋಣಿಯವರೂ ಅವಳಿಗೆ ಮೀನು ಕೊಡಲಿಲ್ಲ. ಅವಳು ಬೇಡಲಿಲ್ಲ. ಬೆಳಗಾಗುವ ಮೊದಲೇ ಹೊರಟು ತೆಂಗಿನಗುಂಡಿಗೆ ಹೋಗಿ, ತವರಿನ ದೋಣಿಗಳಿಂದ ಮೀನು ತುಂಬಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿ, ಕಾಸರಕೋಡನ್ನು ಹಾರ್ನ್ ಹೊಡೆಯುತ್ತ ಹಾದು, ಹೊಳೆ ದಾಟಿ ಗೇರುಸೊಪ್ಪಕ್ಕೆ ಏರುತ್ತಿದ್ದಳು. ದಿನಕ್ಕೆ ಎಪ್ಪತ್ತು ಮೈಲಿಗೂ ಮಿಕ್ಕಿ. ಅವಳ ಮುಖ ಕಪ್ಪಿಟ್ಟು ಕಣ್ಣು ಒಳಗೆ ಹೋಯಿತು. ಕಲ್ಕೊಪ್ಪಕ್ಕೆ ಬಂದವಳು ಶಾಲೆಯ ಜಗಲಿಗೆ ಒರಗಿ ಎರಡು ನಿಮಿಷ ಕಣ್ಣು ಮುಚ್ಚುವುದನ್ನು ನಾನು ಕಂಡಿದ್ದೇನೆ. ಮೊದಲಿನಂತೆಯೇ ಆಗಲಿ, ಒಂದು ಮಾತು ಹೇಳಿ ರಾಜಿಯಾಗು ಎಂದು ನಾನು ಒಮ್ಮೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಲಿಲ್ಲ.

ಆ ದಿನಗಳಲ್ಲೇ ಅವಳು ಎರಡನೆಯ ಸಲ ಬಿದ್ದದ್ದು. ಮಳೆ ಬಿಟ್ಟು ತಿಂಗಳಾಗಿತ್ತಷ್ಟೇ. ಚಿರೆಕಲ್ಲಿನ ಇಳಿಜಾರಿನಲ್ಲಿ ಗಾಡಿ ಬಲಕ್ಕೇ ಮಗುಚಿ ಅವಳನ್ನು ಎರಡು ಮಾರು ಎಳೆದುಕೊಂಡು ಹೋಯಿತು. ಒಂಬತ್ತೂವರೆಗೆ ಗಾಡಿಯ ಸದ್ದು ಕೇಳಿ ನಾನು ಹೊರಬಂದಾಗ ಅವಳ ಕೆನ್ನೆ ತರಚಿತ್ತು, ಸೀರೆ ಹರಿದಿತ್ತು, ಬಲ ಬೂಟಿನ ಮೇಲೆ ಪೆಡಲು ಉತ್ತ ಗಾಯ ಹರಡಿನಿಂದ ಮುಂಗಾಲಿನವರೆಗೆ ಬಾಯಿ ಬಿಟ್ಟಿತ್ತು. ಒಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು.

"ಕಾಲು?" ಎಂದೆ.

ಅವಳು ಜಗಲಿಯಲ್ಲಿ ಕೂತು ಐದೂ ಪಟ್ಟಿ ಬಿಚ್ಚಿ ಕಾಲು ಹೊರತೆಗೆದಳು. ಹರಡಿನ ಮೇಲೆ ಒಂದು ಕೆಂಪು ಗೆರೆ. ಬೆರಳನ್ನು ಒಂದೊಂದಾಗಿ ಆಡಿಸಿದಳು. ನಾನು ಆವರೆಗೆ ಅವಳ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಬೂಟನ್ನು ಮತ್ತೆ ಏರಿಸಿ ಹೋಗಿ ತೂಕದ ಕಲ್ಲು ಕೈಗೆತ್ತಿಕೊಂಡಳು.

ಕಾಸರಕೋಡಿನ ಬಿಗಿ ಸಡಿಲವಾದದ್ದು ಮಾರನೆಯ ವರ್ಷ. ತಾರ್ಲೆಯ ರಾಶಿ ಬಿದ್ದು, ಕೊಳ್ಳುವವರಿಲ್ಲದೆ ಮೀನು ಮರಳಿನಲ್ಲೇ ಒಣಗತೊಡಗಿತು. ಹಮ್ಮಣ್ಣನ ಹೆಂಡತಿ ಗಂಗೆ ಮುಂಜಾನೆ ರಸ್ತೆಗೆ ಬಂದು, ಖಾಲಿ ಡಬ್ಬಿಯೊಂದಿಗೆ ತೆಂಗಿನಗುಂಡಿಗೆ ಹೊರಟಿದ್ದ ಗಾಡಿಗೆ ಅಡ್ಡ ನಿಂತಳು.

"ತಿಮ್ಮಿ, ಡಬ್ಬಿ ಇಲ್ಲೇ ತುಂಬ್ಕ. ಎಂತಕೆ ಅಷ್ಟು ದೂರ ಸಾಯ್ತೆ?"

"ನಿಮ್ಮೆಜಮಾನ್ರನ್ನ ಕೇಳಿದ್ಯಾ?"

"ಮೀನು ನಾವು ಮಾರೂದು. ಅವ್ರನ್ನ ಎಂತ ಕೇಳೂದು?"

ತಿಮ್ಮಕ್ಕ ಗಾಡಿ ನಿಲ್ಲಿಸಿ ಇಳಿದಳು. ಆ ದಿನದಿಂದ ಅವಳ ಮೀನು ಮತ್ತೆ ಕಾಸರಕೋಡಿನದಾಯಿತು. ಯಜಮಾನರು ಆ ವಿಷಯ ಮತ್ತೆ ಎತ್ತಲೂ ಇಲ್ಲ, ಅವಳು ಬೂಟು ಬಿಡಲೂ ಇಲ್ಲ. ಕೆಲವು ವರ್ಷ ಬಿಟ್ಟು ಗಂಗೆಯ ಮಗಳು ಮಹಾಲಕ್ಷ್ಮಿ ಅದೇ ಒದ್ದೆ ಮರಳಿನಲ್ಲಿ ಲೂನಾ ಕಲಿತಳು.

೧೯೮೬ರಲ್ಲಿ ಹುಬ್ಬಳ್ಳಿ ಕಡೆಯ ಯಾವುದೋ ವಾರಪತ್ರಿಕೆಯವರೊಬ್ಬರು ಅವಳ ಸುದ್ದಿ ಕೇಳಿ ಕ್ಯಾಮರಾ ಹಿಡಿದುಕೊಂಡು ಬಂದರು. ಬೂಟು ಕಾಣುವಂತೆ ಸೀರೆಯನ್ನು ಸ್ವಲ್ಪ ಎತ್ತಿ, ಗಾಡಿಯ ಮೇಲೆ ಒಂದು ಕಾಲಿಟ್ಟು ನಗುತ್ತ ನಿಲ್ಲಬೇಕೆಂದರು.

"ನಿಂತು ತೆಗೆಸ್ಕಂಬುಕೆ ನಂಗೆ ಪುರುಸೊತ್ತಿಲ್ಲ. ಹಿಂದೆ ಕೂತ್ಕಳಿ, ಕಲ್ಕೊಪ್ಪಕ್ಕೆ ಹೋಗ್ವ. ದಾರೀಲಿ ಬೇಕಾದಷ್ಟು ತೆಗೀರಿ," ಎಂದಳು ತಿಮ್ಮಕ್ಕ.

ಅವರು ಡಬ್ಬಿಗಳ ನಡುವೆ ಕಾಲು ಮಡಚಿ ಕೂತರು. ಮೊದಲನೆಯ ಹಳ್ಳದಲ್ಲಿ ಇಳಿದು, ಉಳಿದದ್ದನ್ನು ನಡೆದೇ ಬರುತ್ತೇನೆ ಎಂದರಂತೆ. ಶಾಲೆಯ ಹತ್ತಿರ ಬಂದಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಒಂದು ಚಪ್ಪಲಿಯ ಉಂಗುಟ ಕಿತ್ತಿತ್ತು. ಅಷ್ಟರಲ್ಲಿ ತಿಮ್ಮಕ್ಕ ಮೀನು ಮಾರಿ ಮುಗಿಸಿ, ಡಬ್ಬಿ ತೊಳೆದು, ಹಿಂದಿರುಗಲು ಗಾಡಿ ತಿರುಗಿಸಿಕೊಂಡಿದ್ದಳು.